ಬರ್ಲಿನ್ನಿಗೆ ನೀರು ಕೊಡುವ ನೂಲುಗಾರರ ಊರು

ಬರ್ಲಿನ್ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಒಡೆದ ಗೋಡೆ, ಬ್ರಾಂಡೆನ್‌ಬುರ್ಗ್ ಗೇಟು, ಹಿಟ್ಲರನ ಕಾಲ. ನಾವಿರುವ ಬರ್ಲಿನ್ ಇವುಗಳಿಂದ ದೂರ. ನಗರದ ಆಗ್ನೇಯ ಅಂಚಿನಲ್ಲಿ ಮ್ಯೂಗೆಲ್‌ಜೇ ಅನ್ನುವ ದೊಡ್ಡ ಸರೋವರವಿದೆ. ಅದರ ದಡದ ಊರು ಫ್ರೀಡ್ರಿಕ್ಸ್‌ಹಾಗೆನ್. ಸುಮಾರು 19 ಸಾವಿರ ಜನ ಇದ್ದಾರೆ. ಕಾಗದದ ಮೇಲೆ ಇದು ಬರ್ಲಿನ್ ನಗರದ ಒಂದು ಬಡಾವಣೆ. ಆದರೆ ನಗರದ ಮಧ್ಯಕ್ಕೆ ಹೊರಟಾಗ "ಬರ್ಲಿನ್ನಿಗೆ ಹೋಗಿ ಬರ್ತೀನಿ" ಅನ್ನುವ ಹಿರಿಯರು ಇಲ್ಲಿ ಈಗಲೂ ಸಿಗುತ್ತಾರೆ. ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. 1920ರಲ್ಲಿ ಸುತ್ತಲಿನ ಊರುಗಳನ್ನೆಲ್ಲ ಸೇರಿಸಿ ಮಹಾ ಬರ್ಲಿನ್ ಮಾಡುವ ತನಕ ಇದು ಬೇರೆಯದೇ ಊರಾಗಿತ್ತು.

ಊರಿನ ಕಡೆಯವರು ಫೋನಿನಲ್ಲಿ ಕೇಳುತ್ತಿರುತ್ತಾರೆ, ಅಲ್ಲಿ ಏನು ವಿಶೇಷ ಅಂತ. ಕಾಡಿದೆ, ನೀರಿದೆ, ಟ್ರಾಮ್ ಇದೆ ಅಂತ ಹೇಳಿ ಮುಗಿಸುತ್ತಿದ್ದೆ. ಇವತ್ತು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಯಾಕೆಂದರೆ ಈ ಸರೋವರ ಸುಮ್ನೆ ನೋಡಿ ಖುಷಿಪಡುವ ನೀರಲ್ಲ. ಒಂದು ಮಹಾನಗರ ಇದರ ದಡದಿಂದ ನೀರೆತ್ತಿ ಕುಡಿಯುತ್ತದೆ. ಆ ಒಂದು ವಿಷಯ ಈ ಊರಿನ ಚರಿತ್ರೆಯಲ್ಲೂ, ದಿನದ ಬದುಕಿನಲ್ಲೂ, ಜಗಳಗಳಲ್ಲೂ ಸೇರಿಕೊಂಡಿದೆ.

ಮೊದಲು ಊರು ಹುಟ್ಟಿದ ಕಥೆ. ಇದು ತಾನಾಗಿ ಬೆಳೆದ ಹಳ್ಳಿಯಲ್ಲ. 1753ರಲ್ಲಿ, ಆಗ ಬರ್ಲಿನ್ ಸೀಮೆಯನ್ನು ಆಳುತ್ತಿದ್ದ ಪ್ರಷ್ಯಾ ರಾಜ್ಯದ ದೊರೆ ಎರಡನೇ ಫ್ರೀಡ್ರಿಕ್ ಅಪ್ಪಣೆ ಕೊಟ್ಟು ಮಾಡಿಸಿದ ಊರು. ಕಾಡಿನ ನಡುವೆ ಉದ್ದಕ್ಕೆ ಒಂದು ನೇರ ರಸ್ತೆ ಎಳೆದರು. ಎರಡೂ ಬದಿಗೆ ಜೋಡಿ ಮನೆಗಳನ್ನು ಕಟ್ಟಿಸಿದರು. ನೂರು ಕುಟುಂಬಗಳಿಗೆ ಜಾಗ. ಬಂದವರಲ್ಲಿ ಬಹಳಷ್ಟು ಜನ ಬೊಹೆಮಿಯಾದವರು, ಅಂದರೆ ಇಂದಿನ ಚೆಕ್ ದೇಶದ ಕಡೆಯವರು. ಅಲ್ಲಿನ ಕ್ಯಾಥೊಲಿಕ್ ಆಳ್ವಿಕೆಯಲ್ಲಿ ಪ್ರೊಟೆಸ್ಟಂಟರಿಗೆ ನೆಮ್ಮದಿ ಇರಲಿಲ್ಲ. ಪ್ರಷ್ಯಾದ ದೊರೆಗೆ ಕೆಲಸ ಬಲ್ಲ ಕೈಗಳು ಬೇಕಿದ್ದವು. ಮನೆ ಕೊಡುತ್ತೇನೆ, ಹಿತ್ತಲು ಕೊಡುತ್ತೇನೆ, ಹತ್ತಿಯ ನೂಲು ತೆಗೆದುಕೊಡಿ ಅನ್ನುವುದು ಕರಾರು. ಮರಳು ನೆಲ, ಚಿಕ್ಕ ಹಿತ್ತಲು. ಬೇಸಾಯ ನಂಬಿ ಬದುಕುವ ಹಾಗಿರಲಿಲ್ಲ. ಇಡೀ ಮನೆ ನೂಲಿನ ಮೇಲೆ ನಿಂತಿತ್ತು.

ನೂಲಿನ ಜೊತೆಗೆ ಇನ್ನೊಂದು ಕೆಲಸವನ್ನೂ ಅವರ ಮೇಲೆ ಹೊರಿಸಿದರು. ರಸ್ತೆಯುದ್ದಕ್ಕೂ ಹಿಪ್ಪುನೇರಳೆ ನೆಡಬೇಕು, ರೇಷ್ಮೆ ಹುಳು ಸಾಕಬೇಕು.

ಇದನ್ನು ಓದಿದಾಗ ನನಗೆ ಆದ ಸಂತೋಷ ಹೇಳತೀರದು. ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ಹುಳು ಸಾಕಿದ ಮನೆಯಲ್ಲೇ ಬೆಳೆದವರು ನಾವು. ಹುಳು ನಾಲ್ಕನೇ ಜ್ವರ ಎದ್ದಿತು, ಅಂದರೆ ಕೊನೆಯ ಸಲ ಪೊರೆ ಬಿಟ್ಟಿತು ಅಂದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಹಗಲೂ ರಾತ್ರಿ ಸೊಪ್ಪು ಹಾಕುವುದೇ. ಹುಳು ಹಣ್ಣಾದ ಮೇಲೆ ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರು ತಟ್ಟೆಗೆ, ಅಂದರೆ ಚಂದ್ರಂಕಿಗೆ ಬಿಡುವ ಕೆಲಸಕ್ಕೆ ನಮ್ಮಂಥ ಮಕ್ಕಳೂ ಬೇಕಾಗುತ್ತಿದ್ದೆವು. ಆ ಸೊಪ್ಪಿನ ಗಿಡ ಜರ್ಮನಿಯ ಬೀದಿಯಲ್ಲಿ ಕಾಣಿಸುತ್ತದೆ ಅಂತ ಯಾರು ತಾನೇ ಅಂದುಕೊಂಡಾರು? ಊರಿನ ಮುಖ್ಯ ರಸ್ತೆ ಬೋಲ್ಶೆ ಸ್ಟ್ರಾಸೆಯಲ್ಲಿ ಈಗಲೂ ಅಲ್ಲಲ್ಲಿ ಹಿಪ್ಪುನೇರಳೆ ಮರ ಇದೆ. ಮರ ಅಂದೆ, ಗಮನಿಸಿ. ನಮ್ಮಲ್ಲಿ ಬೆಳೆ ಬೆಳೆಗೂ ಕಡ್ಡಿ ಕತ್ತರಿಸಿ ಗಿಡವನ್ನು ಎದೆಯೆತ್ತರಕ್ಕೆ ನಿಲ್ಲಿಸುತ್ತೇವೆ. ಇಲ್ಲಿ ಅದು ದಪ್ಪ ಕಾಂಡ, ಗಂಟು ಗಂಟು ಕೊಂಬೆಗಳ ಮರ. ಬೇಸಿಗೆಯಲ್ಲಿ ಹಣ್ಣು ಕಾಲುದಾರಿ ಮೇಲೆ ಉದುರುತ್ತದೆ. ಹಣ್ಣು ತಿನ್ನುವವರು ಕಡಿಮೆ. ಎಲೆಯನ್ನು ಮುಟ್ಟಿ ನೋಡುವವರು ಇನ್ನೂ ಕಡಿಮೆ.

ದೊರೆಗೆ ರೇಷ್ಮೆಯ ಹುಚ್ಚು ಯಾಕೆ ಅಂದರೆ ಹಣ. ರೇಷ್ಮೆ ಬಟ್ಟೆಗೆ ಅಂತ ಪ್ರಷ್ಯಾದ ಹಣ ಫ್ರಾನ್ಸಿಗೂ ಇಟಲಿಗೂ ಹರಿದು ಹೋಗುತ್ತಿತ್ತು. ಅದನ್ನು ತಡೆಯಬೇಕಿತ್ತು. ಚರ್ಚಿನ ಅಂಗಳ, ಶಾಲೆಯ ಅಂಗಳ, ರಸ್ತೆ ಬದಿ, ಎಲ್ಲಿ ಜಾಗ ಕಂಡರೆ ಅಲ್ಲಿ ಹಿಪ್ಪುನೇರಳೆ ನೆಡಿಸಿದರು. ಹಳ್ಳಿಯ ಪಾದ್ರಿಗಳು, ಮೇಷ್ಟ್ರುಗಳು ಹುಳು ಸಾಕಬೇಕಾಗಿ ಬಂತು. ಆದರೆ ರೇಷ್ಮೆ ಅಪ್ಪಣೆಗೆ ಬಗ್ಗುವ ಬೆಳೆಯಲ್ಲ. ನಮ್ಮ ಕೋಲಾರ, ರಾಮನಗರದ ಕಡೆ ವರ್ಷಕ್ಕೆ ಐದಾರು ಬೆಳೆ ತೆಗೆಯಬಹುದು. ಇಲ್ಲಿ ಮರ ಚಿಗುರುವುದೇ ಮೇ ತಿಂಗಳಿನಲ್ಲಿ. ಅಷ್ಟರಲ್ಲಿ ಒಂದು ರಾತ್ರಿ ತಡವಾದ ಹಿಮ ಬಿದ್ದರೆ ಚಿಗುರು ಕಪ್ಪಾಗುತ್ತದೆ. ಆ ಹೊತ್ತಿಗೆ ಮೊಟ್ಟೆ ಒಡೆದಿದ್ದರೆ ಹುಳಕ್ಕೆ ಏನು ಹಾಕುವುದು? ಮರ ದೊಡ್ಡದಾಗಿ ಸೊಪ್ಪು ಕೊಡಲು ವರ್ಷಗಳೇ ಬೇಕು. ಗಟ್ಟಿ ಚಳಿ ಬಂದರೆ ಮರವೇ ಸಾಯುತ್ತದೆ. 1786ರಲ್ಲಿ ದೊರೆ ತೀರಿಕೊಂಡ. ಒತ್ತಾಯ ಮಾಡುವವರು ಇಲ್ಲವಾದ ಮೇಲೆ ರೇಷ್ಮೆ ಕೆಲಸವೂ ಸೊರಗಿತು. ಆ ಮನೆಗಳ ಹೆಂಗಸರು ಹಗಲೆಲ್ಲ ನೂಲು ತೆಗೆದು ರಾತ್ರಿ ಹುಳ ನೋಡಿಕೊಂಡ ಕಷ್ಟವನ್ನು ನಾನು ಊಹಿಸಬಲ್ಲೆ. ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಕಾಣುವುದಿಲ್ಲ. ಊರಿನ ಮಾರುಕಟ್ಟೆ ಚೌಕದಲ್ಲಿ ದೊರೆಯ ಪ್ರತಿಮೆ ಮಾತ್ರ ಇದೆ. ಹಳೆಯದನ್ನು ಎರಡನೇ ಮಹಾಯುದ್ಧದ ನಂತರ ತೆಗೆದಿದ್ದರು. ಊರಿಗೆ 250 ವರ್ಷ ತುಂಬಿದ 2003ರಲ್ಲಿ ಹೊಸದನ್ನು ನಿಲ್ಲಿಸಿದರು.

ಯಂತ್ರಗಳು ಬಂದ ಮೇಲೆ ಕೈನೂಲಿನ ಕಾಲವೂ ಮುಗಿಯಿತು. ಆಗ ಊರನ್ನು ಎತ್ತಿ ಹಿಡಿದದ್ದು ರೈಲು. ಬರ್ಲಿನ್ನಿನಿಂದ ಓಡರ್ ನದಿ ದಡದ ಫ್ರಾಂಕ್‌ಫುರ್ಟಿಗೆ 1842ರಲ್ಲಿ ರೈಲು ಹಾದಿ ಆಯಿತು. ಕೆಲವೇ ವರ್ಷಗಳಲ್ಲಿ ಇಲ್ಲಿಯೂ ರೈಲು ನಿಲ್ಲಲು ಶುರುವಾಯಿತು. ನಗರದ ಹೊಗೆ ಸಾಕಾದವರು ಬೇಸಿಗೆ ಕಳೆಯಲು ಬಂದರು. ಕಾಡಿನ ಗಾಳಿ, ಸರೋವರದ ಸ್ನಾನ. ನೂಲುಗಾರರ ಮಕ್ಕಳು, ಮೊಮ್ಮಕ್ಕಳು ಬೇಸಿಗೆಗೆ ಮನೆ ಬಾಡಿಗೆ ಕೊಟ್ಟರು. ಹಳೆಯ ಒಂದಂತಸ್ತಿನ ಮನೆಗಳ ಪಕ್ಕದಲ್ಲೇ ಮೂರು ನಾಲ್ಕು ಅಂತಸ್ತಿನ, ಗಾರೆಯ ಅಲಂಕಾರ ಮಾಡಿದ ಕಟ್ಟಡಗಳು ಎದ್ದವು. ಇವತ್ತೂ ಬೋಲ್ಶೆ ಸ್ಟ್ರಾಸೆಯಲ್ಲಿ ನಡೆದರೆ ಈ ಏರಿಳಿತ ಹಾಗೇ ಕಾಣುತ್ತದೆ. ಎತ್ತರದ ಎರಡು ಕಟ್ಟಡಗಳ ನಡುವೆ ತಗ್ಗಿನ ಹೆಂಚಿನ ಮನೆಯೊಂದು. ಅದೇ 1750ರ ದಶಕದ ನಮೂನೆ. ನನಗೆ ಊರಿನ ಅತಿ ಚೆಂದದ ನೋಟ ಅದೇ.

ಬೇಸಿಗೆಯವರ ಹಿಂದೆಯೇ ಬರಹಗಾರರೂ ಬಂದರು. 1880ರ ದಶಕದ ಕೊನೆ, 1890ರ ದಶಕದ ಶುರು. ಬ್ರೂನೋ ವಿಲ್ಲೆ, ವಿಲ್ಹೆಲ್ಮ್ ಬೋಲ್ಶೆ, ಹಾರ್ಟ್ ಸಹೋದರರು ಇಲ್ಲಿ ಮನೆ ಮಾಡಿದರು. ಮುಂದೆ 1912ರಲ್ಲಿ ನೊಬೆಲ್ ಪಡೆದ ಗೆರ್‌ಹಾರ್ಟ್ ಹಾಪ್ಟ್‌ಮನ್ ಪಕ್ಕದ ಎರ್ಕ್ನರ್‌ನಲ್ಲಿ ಇದ್ದವರು. ಬಾಡಿಗೆ ಕಡಿಮೆ, ರೈಲು ಹತ್ತಿದರೆ ಬರ್ಲಿನ್ ಸಮೀಪ, ಇಳಿದರೆ ಕಾಡು. ಬಡ ಲೇಖಕರಿಗೆ ಇನ್ನೇನು ಬೇಕು? ಅವರ ಮಾತುಕತೆ ಬರೀ ಕಾವ್ಯಕ್ಕೆ ನಿಲ್ಲಲಿಲ್ಲ. 1890ರಲ್ಲಿ ವಿಲ್ಲೆ ಮುಂದಾಳಾಗಿ ಬರ್ಲಿನ್ನಿನಲ್ಲಿ ಕಾರ್ಮಿಕರಿಗೆಂದು ಒಂದು ನಾಟಕ ಸಂಘ ಕಟ್ಟಿದರು. ಎಲ್ಲರಿಗೂ ಒಂದೇ ದರ. ಯಾರಿಗೆ ಯಾವ ಕುರ್ಚಿ ಅನ್ನುವುದು ಚೀಟಿ ಎತ್ತಿ. ಹಣವಿದ್ದವರು ಮುಂದೆ, ಇಲ್ಲದವರು ಹಿಂದೆ ಅನ್ನುವ ಮಾತೇ ಇಲ್ಲ. ಎಷ್ಟು ದೊಡ್ಡ ಯೋಚನೆ, ಅಲ್ವಾ? ಆ ಸಂಘದ ಪರಂಪರೆಯಲ್ಲೇ ಬಂದ ಫೋಲ್ಕ್ಸ್‌ಬ್ಯೂನೆ ರಂಗಮಂದಿರ 1914ರಿಂದ ಬರ್ಲಿನ್ನಿನ ನಡುಮಧ್ಯೆ ನಿಂತಿದೆ. ಊರಿನ ಮುಖ್ಯ ರಸ್ತೆಗೆ ಮೊದಲು ದೊರೆಯ ಹೆಸರಿತ್ತು. 1947ರಲ್ಲಿ ಅದನ್ನು ಬದಲಿಸಿ ಬೋಲ್ಶೆಯ ಹೆಸರು ಇಟ್ಟರು.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸು ಜಾಸ್ತಿ ನಿಲ್ಲುವುದು ಅಲ್ಲೇ.

ಟ್ರಾಮ್ 60 ಮುಖ್ಯ ರಸ್ತೆಯನ್ನು ಇಳಿದು, ಸರೋವರದ ಹತ್ತಿರ ಎಡಕ್ಕೆ ತಿರುಗಿ, ಹಳೆಯ ಜಲಸ್ಥಾವರದ ಮುಂದೆ ಕೊನೆಯಾಗುತ್ತದೆ. ಇಳಿದು ನೋಡಿದರೆ ಮಠವೋ ಕೋಟೆಯೋ ಅನ್ನಿಸುವ ಕೆಂಪು ಇಟ್ಟಿಗೆಯ ಕಟ್ಟಡಗಳು. ಚೂಪು ಕಮಾನು, ಚೂಪು ಮಾಡು. ಇದು 1893ರಲ್ಲಿ ಶುರುವಾದ ಫ್ರೀಡ್ರಿಕ್ಸ್‌ಹಾಗೆನ್ ಜಲಸ್ಥಾವರ. ಇಂಗ್ಲಿಷ್ ಎಂಜಿನಿಯರ್ ಹೆನ್ರಿ ಗಿಲ್ ಇದರ ಯೋಜನೆ ಮಾಡಿದವರು. ಕಟ್ಟಡದ ರೂಪ ಕೊಟ್ಟವರು ರಿಚರ್ಡ್ ಶುಲ್ಟ್ಸೆ. ಒಳಗೆ ನೀರೆತ್ತುವ ದೊಡ್ಡ ದೊಡ್ಡ ಹಬೆ ಯಂತ್ರಗಳಿದ್ದವು. ಅವುಗಳಲ್ಲಿ ಕೆಲವು 1970ರ ದಶಕದ ಕೊನೆಯವರೆಗೂ ಓಡಿದವು. ಈಗಲೂ ಜೋಪಾನವಾಗಿ ಉಳಿಸಿಕೊಂಡಿದ್ದಾರೆ.

ಆ ಕಾಲವನ್ನು ನೆನೆಸಿಕೊಳ್ಳಿ. 1892ರಲ್ಲಿ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಅಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಮನೆಗಳಿಗೆ ಬಿಡುತ್ತಿದ್ದರು. ಪಕ್ಕದ ಆಲ್ಟೋನಾದಲ್ಲಿ ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸುತ್ತಿದ್ದರು. ಅಲ್ಲಿ ರೋಗ ತೀರಾ ಕಡಿಮೆ. ಮರಳಿನ ಬೆಲೆ ಏನು ಅಂತ ಇಡೀ ದೇಶಕ್ಕೆ ಗೊತ್ತಾಯಿತು. ಇಲ್ಲಿ ಆಗಲೇ ಮರಳು ಸೋಸುಮನೆಗಳು ತಯಾರಾಗುತ್ತಿದ್ದವು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಮೇಲೆ ಕಮಾನು ಮುಚ್ಚಿ, ಅದರ ಮೇಲೆ ಮಣ್ಣು ಹಾಕಿದ ನೆಲಮಾಳಿಗೆಗಳು. ನೀರು ಮರಳಿನ ಪದರದಲ್ಲಿ ನಿಧಾನವಾಗಿ ಇಳಿಯುವಾಗ ಮೇಲಿನ ಪದರದಲ್ಲಿ ಬೆಳೆದ ಸೂಕ್ಷ್ಮಜೀವಿಗಳೇ ಕೊಳೆಯನ್ನು ತಿಂದುಹಾಕುತ್ತವೆ. ಔಷಧಿ ಬೇಕಿಲ್ಲ.

ಮುಂದಿನ ಹೆಜ್ಜೆ ಇನ್ನೂ ಚೆಂದ. 20ನೇ ಶತಮಾನದ ಮೊದಲ ದಶಕದಲ್ಲಿ ಸರೋವರದ ನೀರನ್ನು ನೇರವಾಗಿ ಎತ್ತುವುದನ್ನು ಬಿಟ್ಟು, ದಡದ ಗುಂಟ ಬಾವಿಗಳನ್ನು ತೋಡಿದರು. ಬಾವಿಯಿಂದ ನೀರೆತ್ತಿದಂತೆ ಸರೋವರದ ನೀರು ದಡದ ಮರಳಿನೊಳಗಿಂದ ಮೆಲ್ಲಗೆ ಬಾವಿಯ ಕಡೆ ಬರುತ್ತದೆ. ವಾರಗಳು, ತಿಂಗಳುಗಳು ಹಿಡಿಯುತ್ತವೆ. ಬರುವಷ್ಟರಲ್ಲಿ ನೆಲವೇ ಅದನ್ನು ಸೋಸಿರುತ್ತದೆ. ಬರ್ಲಿನ್ ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಹೀಗೆ ದಡದಲ್ಲಿ ಸೋಸಿ ಬಂದದ್ದು. ನಗರದ ಒಂಬತ್ತು ಜಲಸ್ಥಾವರಗಳಲ್ಲಿ ಫ್ರೀಡ್ರಿಕ್ಸ್‌ಹಾಗೆನ್ ಒಂದು. ಹಳೆಯ ಕಟ್ಟಡಗಳ ಪಕ್ಕದಲ್ಲಿ ಪೂರ್ವ ಜರ್ಮನಿಯ ಕಾಲದಲ್ಲಿ, 1980ರ ದಶಕದಲ್ಲಿ, ಹೊಸ ಸ್ಥಾವರ ಕಟ್ಟಿದರು. ಇಲ್ಲಿನ ನೀರಿಗೆ ಸಾಮಾನ್ಯವಾಗಿ ಕ್ಲೋರಿನ್ ಹಾಕುವುದಿಲ್ಲ. ನಲ್ಲಿಯಿಂದ ಹಿಡಿದು ಹಾಗೇ ಕುಡಿಯುತ್ತೇವೆ. ಮನೆಯಲ್ಲಿ ಫಿಲ್ಟರ್ ಇಲ್ಲ, ಕಾಯಿಸುವುದೂ ಇಲ್ಲ. ನೀರು ಗಡಸು ಮಾತ್ರ. ಕಾಫಿಗೆ ನೀರು ಕಾಯಿಸುವ ಕೆಟಲಿನಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ತಿಂಗಳಿಗೊಮ್ಮೆ ವಿನಿಗರ್ ಹಾಕಿ ತೊಳೆಯಲೇಬೇಕು.

ಇದೇ 1890ರ ದಶಕದಲ್ಲಿ ನಮ್ಮ ಬೆಂಗಳೂರಿಗೂ ಕೊಳವೆ ನೀರು ಬಂತು. ಹೆಸರಘಟ್ಟದಲ್ಲಿ ಅರ್ಕಾವತಿಯ ನೀರು ನಿಲ್ಲಿಸಿ, ಸೋಲದೇವನಹಳ್ಳಿಯ ಹಬೆ ಪಂಪುಗಳಿಂದ ಎತ್ತಿ ಮಲ್ಲೇಶ್ವರದ ಕಡೆಗೆ ಕಳಿಸುತ್ತಿದ್ದರು. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಒಂದೇ ತರಹದ ಯಂತ್ರದಿಂದ, ಊರಾಚೆಯ ಒಂದು ಕೆರೆಯನ್ನು ನಂಬಿ ಹೊರಟವು. ಬರ್ಲಿನ್ ಇವತ್ತಿಗೂ ಈ ಸರೋವರದ ದಡದಿಂದ ಕುಡಿಯುತ್ತಿದೆ. ಬೆಂಗಳೂರು ನೂರು ಕಿಲೋಮೀಟರ್ ಆಚೆಯ ಕಾವೇರಿಗೆ ಕೈಚಾಚಿದೆ. ಹೆಸರಘಟ್ಟದ ಕೆರೆ ಎಷ್ಟೋ ವರ್ಷ ಒಣಗಿ ಬಿದ್ದಿರುತ್ತದೆ. ಮಳೆ ಬೇರೆ, ಜನಸಂಖ್ಯೆ ಬೇರೆ, ನೆಲ ಬೇರೆ. ಬೆಂಗಳೂರಿನಡಿ ಗಟ್ಟಿ ಬಂಡೆ, ಬರ್ಲಿನ್ನಿನಡಿ ಹಿಮಯುಗ ಬಿಟ್ಟುಹೋದ ಮರಳು. ಇದೆಲ್ಲ ನನಗೂ ಗೊತ್ತು. ಆದರೂ ಹಳೆಯ ಸ್ಥಾವರದ ಮುಂದೆ ಹಾದುಹೋಗುವಾಗೆಲ್ಲ ಅರ್ಕಾವತಿಯ ನೆನಪಾಗಿ ಸಂಕಟವಾಗುತ್ತದೆ. ನಮ್ಮ ಕಡೆಯ ನೀರಿನ ಎಂಜಿನಿಯರುಗಳು, ಓದುವ ಮಕ್ಕಳು ಬರ್ಲಿನ್ನಿಗೆ ಬಂದರೆ ಇದನ್ನು ನೋಡಬೇಕು.

ನೀರೇ ಇಲ್ಲಿನ ದಿನವನ್ನು ನಡೆಸುತ್ತದೆ ಅಂದೆನಲ್ಲ, ಅದು ಸಣ್ಣ ಸಣ್ಣ ವಿಷಯಗಳಲ್ಲಿ ಕಾಣುತ್ತದೆ. ರಸ್ತೆ ಬದಿಯಲ್ಲಿ ಜಲರಕ್ಷಣೆ ವಲಯ ಅನ್ನುವ ನೀಲಿ ಫಲಕಗಳಿವೆ. ಮನೆ ಮುಂದೆ ಮಣ್ಣಿನ ಮೇಲೆ ಕಾರು ತೊಳೆಯುವಂತಿಲ್ಲ. ಸೋಪು, ಎಣ್ಣೆ ನೆಲಕ್ಕಿಳಿದರೆ ಬಾವಿಗೆ ಹೋಗುತ್ತದೆ. ಇದನ್ನು ಪೊಲೀಸರಿಗಿಂತ ಮೊದಲು ಪಕ್ಕದ ಮನೆಯ ಅಜ್ಜಿ ಬಂದು ಹೇಳುತ್ತಾರೆ. ಗದರಿಸಿ ಹೇಳುವುದಿಲ್ಲ. ನಿಮ್ಮ ನಲ್ಲಿಗೂ ಬರುವುದು ಇದೇ ನೀರು ಅಂತ ವಿವರಿಸುತ್ತಾರೆ.

ಸರೋವರ ಸುಮಾರು 7.4 ಚದರ ಕಿಲೋಮೀಟರ್. ಬರ್ಲಿನ್ನಿನಲ್ಲಿ ಇದಕ್ಕಿಂತ ದೊಡ್ಡ ಸರೋವರ ಇಲ್ಲ. ಆಳ ಮಾತ್ರ ಕಡಿಮೆ, ಅತಿ ಆಳದಲ್ಲೂ ಎಂಟು ಮೀಟರಿನ ಆಸುಪಾಸು. ಸ್ಪ್ರೇ ನದಿ ಪೂರ್ವದಿಂದ ಬಂದು ಇದರೊಳಗೆ ಹಾದು ಪಶ್ಚಿಮಕ್ಕೆ, ನಗರದ ಕಡೆಗೆ ಹೊರಡುತ್ತದೆ. ಆಳ ಕಡಿಮೆ ಇರುವುದರಿಂದ ಗಾಳಿ ಎದ್ದರೆ ಬೇಗ ಅಲೆ ಏಳುತ್ತದೆ. ಚಿಕ್ಕ ಹಾಯಿದೋಣಿಯವರು ಮೋಡ ನೋಡಿಯೇ ಹೊರಡುತ್ತಾರೆ. ದಕ್ಷಿಣಕ್ಕೆ ಮ್ಯೂಗೆಲ್ ಬೆಟ್ಟಗಳು. ಎತ್ತರ ಸುಮಾರು 115 ಮೀಟರ್ ಅಷ್ಟೇ. ಆದರೆ ಈ ಚಪ್ಪಟೆ ನೆಲದಲ್ಲಿ ಅದೇ ದೊಡ್ಡ ಬೆಟ್ಟ. ಮೇಲಿನ ಗೋಪುರ ಹತ್ತಿದರೆ ಸುತ್ತ ಕಾಡು, ನೀರು, ದೂರದಲ್ಲಿ ಅಲೆಕ್ಸಾಂಡರ್‌ಪ್ಲಾಟ್ಸ್‌ನ ಟಿವಿ ಗೋಪುರ.

ಬೇಸಿಗೆ ಬಂತೆಂದರೆ ಊರಿಗೆ ಊರೇ ನೀರಿನಲ್ಲಿ. ಕೆಲಸ ಮುಗಿಸಿ ಬಂದವರು ಟವೆಲ್ ಹೆಗಲ ಮೇಲೆ ಹಾಕಿಕೊಂಡು ಸೈಕಲ್ ಹತ್ತುತ್ತಾರೆ. ರಾತ್ರಿ ಒಂಬತ್ತೂವರೆಗೂ ಬೆಳಕು. ಮಕ್ಕಳಿಗೆ ಈಜು ಕಲಿಸುವುದನ್ನು ಇಲ್ಲಿ ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಮೊದಲು ಕಡಲ್ಗುದುರೆಯ ಬ್ಯಾಡ್ಜ್, 25 ಮೀಟರ್ ಈಜಬೇಕು. ಆಮೇಲೆ ಕಂಚು, ಬೆಳ್ಳಿ. ಪ್ರೈಮರಿ ಶಾಲೆಯಲ್ಲೇ ಈಜು ಒಂದು ಪಾಠ. ನಮ್ಮ ಮಗಳ ಈಜುಡುಗೆಗೆ ಆ ಕಡಲ್ಗುದುರೆಯ ಬಟ್ಟೆ ತುಂಡನ್ನು ಹೊಲಿದುಕೊಟ್ಟ ದಿನ ಮನೆಯಲ್ಲಿ ಪಾಯಸ. ಹಳ್ಳಿಯ ಬಾವಿ, ಕೃಷಿ ಹೊಂಡಗಳಲ್ಲಿ ಮುಳುಗಿಹೋದ ಮಕ್ಕಳ ಸುದ್ದಿ ಕೇಳುತ್ತಲೇ ಬೆಳೆದ ನನಗೆ ಅದು ಸಣ್ಣ ಸಂಗತಿಯಲ್ಲ.

ದಡದ ಕೆಲವು ಕಡೆ ಜನ ಬಟ್ಟೆಯಿಲ್ಲದೆ ಸ್ನಾನ ಮಾಡುತ್ತಾರೆ. ಅಜ್ಜ, ಅಜ್ಜಿ, ಸಂಸಾರಸ್ಥರು, ಎಲ್ಲ. ಪೂರ್ವ ಜರ್ಮನಿಯ ಕಾಲದಿಂದ ಗಟ್ಟಿಯಾಗಿ ಬೇರೂರಿದ ಅಭ್ಯಾಸ ಇದು. ಊರಿಂದ ಬಂದ ನೆಂಟರಿಗೆ ಮೊದಲೇ ತಿಳಿಸಿ ಕರೆದುಕೊಂಡು ಹೋಗುವುದು ಒಳ್ಳೆಯದು. ಯಾರೂ ಯಾರನ್ನೂ ದಿಟ್ಟಿಸಿ ನೋಡುವುದಿಲ್ಲ, ಫೋಟೋ ತೆಗೆಯುವುದಂತೂ ಇಲ್ಲವೇ ಇಲ್ಲ. ಆ ಮರ್ಯಾದೆ ನನಗೆ ಇಷ್ಟವಾಯಿತು.

ಚಳಿಗಾಲ ಬೇರೆಯೇ. ನಾಲ್ಕು ಗಂಟೆಗೆ ಕತ್ತಲು. ಸರೋವರ ಹೆಪ್ಪುಗಟ್ಟಿದ ವರ್ಷ ಜನ ಅದರ ಮೇಲೆ ಸ್ಕೇಟಿಂಗ್ ಮಾಡುತ್ತಾರೆ, ಮಕ್ಕಳನ್ನು ಜಾರುಬಂಡಿಯಲ್ಲಿ ಎಳೆಯುತ್ತಾರೆ. ಹಿಂದೆ ಇದು ಹೆಚ್ಚುಕಡಿಮೆ ಪ್ರತಿ ವರ್ಷದ ಸಂಭ್ರಮವಾಗಿತ್ತು ಅಂತ ಹಿರಿಯರು ಹೇಳುತ್ತಾರೆ. ಈಗ ಗಟ್ಟಿ ಮಂಜು ಕಟ್ಟುವುದು ಅಪರೂಪ. ಇದು ಬರೀ ಹಿರಿಯರ ಹಳಹಳಿಕೆಯಲ್ಲ. ದಡದಲ್ಲೇ ಸಿಹಿನೀರಿನ ಜೀವಲೋಕವನ್ನು ಅಧ್ಯಯನ ಮಾಡುವ ಲೈಬ್‌ನಿಟ್ಸ್ ಸಂಸ್ಥೆ ಇದೆ. ಇಲ್ಲಿನ ವಿಜ್ಞಾನಿಗಳು 1970ರ ದಶಕದ ಕೊನೆಯಿಂದ ಈ ಸರೋವರದ ಬಿಸಿ, ಪಾಚಿ, ಆಮ್ಲಜನಕವನ್ನು ಬಿಡದೆ ಅಳೆಯುತ್ತಾ ಬಂದಿದ್ದಾರೆ. ದೇಶ ಬದಲಾಯಿತು, ಸರ್ಕಾರ ಬದಲಾಯಿತು, ಅಳತೆ ನಿಲ್ಲಲಿಲ್ಲ. ಸರೋವರ ಬಿಸಿಯಾಗುತ್ತಿದೆ ಅಂತ ಆ ಲೆಕ್ಕವೇ ಹೇಳುತ್ತದೆ. ಬೇಸಿಗೆಯ ಕೊನೆಯಲ್ಲಿ ಕೆಲವೊಮ್ಮೆ ನೀಲಿಹಸಿರು ಪಾಚಿ ಬಂದು ಈಜಬೇಡಿ ಅನ್ನುವ ಸೂಚನೆಯೂ ಬರುತ್ತದೆ. ಕ್ವಾಗಾ ಅನ್ನುವ ಹೊರಗಿನ ಚಿಪ್ಪುಜೀವಿ ಕಳೆದ ದಶಕದಲ್ಲಿ ಇಲ್ಲಿಗೂ ಬಂದು ತಳದಲ್ಲಿ ಹರಡಿಕೊಂಡಿದೆ. ಬರಿಗಾಲಲ್ಲಿ ಇಳಿದರೆ ಪಾದಕ್ಕೆ ಚುಚ್ಚುತ್ತದೆ.

ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಡಬೇಕು. ಮಧ್ಯಾಹ್ನ ಊರಿನ ಜನ ನಡೆಯಲು ಹೊರಡುತ್ತಾರೆ. ಎಲ್ಲರೂ ಒಮ್ಮೆಯಾದರೂ ಹಾದುಹೋಗುವ ಜಾಗ ಸ್ಪ್ರೇ ಸುರಂಗ. ನದಿ ಸರೋವರವನ್ನು ಬಿಟ್ಟು ಹೊರಡುವ ಕಡೆ, ನೀರಿನ ಅಡಿಯಲ್ಲಿ 120 ಮೀಟರ್ ಉದ್ದದ ಕಾಲುದಾರಿ. 1927ರಲ್ಲಿ ತೆರೆದದ್ದು. ಅದಕ್ಕೆ ಮೊದಲು ದೋಣಿಯಲ್ಲೇ ದಾಟಬೇಕಿತ್ತು. ಬೇಸಿಗೆಯ ಭಾನುವಾರಗಳಲ್ಲಿ ಜನ ಮುಗಿಬೀಳುತ್ತಿದ್ದರು. ಮೆಟ್ಟಿಲು ಇಳಿದರೆ ತಂಪು, ತಲೆಯ ಮೇಲೆ ನದಿ, ಮತ್ತೆ ಮೆಟ್ಟಿಲು ಹತ್ತಿದರೆ ಆಚೆ ದಡದ ಕಾಡು. ಮಕ್ಕಳು ಒಳಗೆ ಕೂಗಿ ಪ್ರತಿಧ್ವನಿ ಕೇಳದೆ ಮುಂದೆ ಹೋಗುವುದಿಲ್ಲ. ಮೇ ತಿಂಗಳಿನಲ್ಲಿ ಮುಖ್ಯ ರಸ್ತೆಯಲ್ಲಿ ಬೋಲ್ಶೆ ಹಬ್ಬ. ಟ್ರಾಮ್ ನಿಲ್ಲಿಸಿ ಇಡೀ ರಸ್ತೆ ತುಂಬ ಅಂಗಡಿ, ಬ್ಯಾಂಡು, ಸುಟ್ಟ ಬಾದಾಮಿ.

ಇಷ್ಟು ಹೇಳಿ ಕೆಟ್ಟ ಕಾಲವನ್ನು ಬಿಟ್ಟರೆ ಸರಿಯಾಗದು. 1933ರ ಜೂನ್ ತಿಂಗಳಲ್ಲಿ ಪಕ್ಕದ ಕೋಪೆನಿಕ್ ಸುತ್ತಮುತ್ತ ನಾಜಿಗಳ ಎಸ್‌ಎ ಪಡೆ ನೂರಾರು ಜನರನ್ನು ಮನೆಗಳಿಂದ ಎಳೆದೊಯ್ದು ಹಿಂಸಿಸಿತು. ಸೋಷಿಯಲ್ ಡೆಮಾಕ್ರಾಟರು, ಕಮ್ಯುನಿಸ್ಟರು, ಯಹೂದಿಗಳು. ಹಲವರನ್ನು ಕೊಂದು ನೀರಿಗೆ ಎಸೆದರು. ಕೋಪೆನಿಕ್ ರಕ್ತವಾರ ಅಂತ ಅದನ್ನು ಕರೆಯುತ್ತಾರೆ. ಬರ್ಲಿನ್ನಿನ ಎಲ್ಲ ಕಡೆಯಂತೆ ಇಲ್ಲಿಯೂ ಕಾಲುದಾರಿಯಲ್ಲಿ ಅಂಗೈಯಗಲದ ಹಿತ್ತಾಳೆ ಕಲ್ಲುಗಳಿವೆ. ಈ ಮನೆಯಲ್ಲಿದ್ದವರು, ಇಂಥ ವರ್ಷ ಕರೆದೊಯ್ದರು, ಇಂಥಲ್ಲಿ ಕೊಂದರು ಅಂತ ಕೊರೆದಿರುತ್ತಾರೆ. ನವೆಂಬರಿನಲ್ಲಿ ಯಾರಾದರೂ ಮಂಡಿಯೂರಿ ಕುಳಿತು ಅದನ್ನು ಉಜ್ಜಿ ಹೊಳೆಯಿಸುತ್ತಿರುತ್ತಾರೆ. ಶಾಲೆಯ ಮಕ್ಕಳೂ ಇರುತ್ತಾರೆ. ತಮ್ಮವರು ಮಾಡಿದ ತಪ್ಪನ್ನು ಬೀದಿಯಲ್ಲೇ ಬರೆದಿಟ್ಟುಕೊಂಡು ಬದುಕುವುದು ಸುಲಭದ ಕೆಲಸವಲ್ಲ. ಆಮೇಲೆ ನಲವತ್ತು ವರ್ಷ ಪೂರ್ವ ಜರ್ಮನಿ. ಗೋಡೆ ಬಿದ್ದ ಮೇಲೆ ಬಹಳ ಕಾರ್ಖಾನೆಗಳು ಮುಚ್ಚಿದವು. 19ನೇ ಶತಮಾನದಿಂದ ಇದ್ದ ಊರಿನ ಬಿಯರ್ ಕಾರ್ಖಾನೆ 2010ರಲ್ಲಿ ನಿಂತಿತು. ಅದರ ಕೆಂಪು ಕಟ್ಟಡ ನೀರಿನ ಅಂಚಿನಲ್ಲಿ ಇನ್ನೂ ಇದೆ.

ಈ ಊರು ಜಗಳಕ್ಕೂ ಹಿಂಜರಿಯುವುದಿಲ್ಲ. 2011ರಲ್ಲಿ ಹೊಸ ವಿಮಾನ ನಿಲ್ದಾಣದ ಹಾರಾಟದ ದಾರಿ ಸರೋವರದ ಮೇಲೆ ಹೋಗುತ್ತದೆ ಅಂತ ಗೊತ್ತಾಯಿತು. ಜನ ಸೋಮವಾರ ಸೋಮವಾರ ಮಾರುಕಟ್ಟೆ ಚೌಕದಲ್ಲಿ ಸೇರತೊಡಗಿದರು. ಒಂದೆರಡು ವಾರವಲ್ಲ, ವರ್ಷಗಟ್ಟಲೆ. ಸೋಮವಾರವನ್ನೇ ಆರಿಸಿದ್ದಕ್ಕೂ ಅರ್ಥವಿದೆ. 1989ರಲ್ಲಿ ಲೈಪ್‌ತ್ಸಿಗ್ ನಗರದಲ್ಲಿ ಸೋಮವಾರದ ಮೆರವಣಿಗೆಗಳೇ ಪೂರ್ವ ಜರ್ಮನಿಯ ಆಡಳಿತವನ್ನು ಅಲ್ಲಾಡಿಸಿದ್ದು. ಈ ಬಾರಿ ಕೋರ್ಟು ಕೈಹಿಡಿಯಲಿಲ್ಲ. ನಿಲ್ದಾಣ 2020ರ ಅಕ್ಟೋಬರ್ ಕೊನೆಗೆ ತೆರೆಯಿತು. ಗಾಳಿ ಒಂದು ದಿಕ್ಕಿನಿಂದ ಬೀಸಿದ ದಿನ ವಿಮಾನಗಳ ಸದ್ದು ನಮ್ಮ ಅಂಗಳಕ್ಕೂ ಬರುತ್ತದೆ.

ಆದರೆ ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ಆಕಾಶದ ವಿಷಯವಲ್ಲ, ನದಿಯದು. ಸ್ಪ್ರೇ ನದಿ ಮೇಲ್ಗಡೆ ಲೌಸಿಟ್ಸ್ ಎಂಬ ಕಲ್ಲಿದ್ದಲು ಸೀಮೆಯನ್ನು ಹಾದು ಬರುತ್ತದೆ. ತೆರೆದ ಗಣಿ ತೋಡುವಾಗ ಅಂತರ್ಜಲವನ್ನು ಪಂಪು ಮಾಡಿ ನದಿಗೆ ಬಿಡುತ್ತಾರೆ. ನೂರು ವರ್ಷಕ್ಕೂ ಮೀರಿದ ಗಣಿಗಾರಿಕೆಯಿಂದ ನದಿಗೆ ಇರಬೇಕಾದ್ದಕ್ಕಿಂತ ಜಾಸ್ತಿ ನೀರು ಬಂದಿದೆ. ಅದರ ಜೊತೆ ಗಣಿಯಿಂದ ಸಲ್ಫೇಟ್ ಅನ್ನುವ ಲವಣವೂ ಬರುತ್ತದೆ. ಜರ್ಮನಿಯಲ್ಲಿ ಕುಡಿಯುವ ನೀರಿಗೆ ಲೀಟರಿಗೆ 250 ಮಿಲಿಗ್ರಾಂ ಸಲ್ಫೇಟ್ ಮಿತಿ. ಅದನ್ನು ದಾಟದಂತೆ ನೋಡಿಕೊಳ್ಳಲು ಫ್ರೀಡ್ರಿಕ್ಸ್‌ಹಾಗೆನ್ ಸ್ಥಾವರದವರು ಎಚ್ಚರ ವಹಿಸಬೇಕಾಗಿದೆ. ದೇಶ ಕಲ್ಲಿದ್ದಲನ್ನು ತಡವೆಂದರೂ 2038ಕ್ಕೆ ಬಿಡಬೇಕು ಅಂತ ತೀರ್ಮಾನಿಸಿದೆ. ಒಳ್ಳೆಯದೇ. ಆದರೆ ಪಂಪು ನಿಂತರೆ ನದಿಯ ನೀರೂ ಇಳಿಯುತ್ತದೆ. ಒಣ ಬೇಸಿಗೆಯ ತಿಂಗಳುಗಳಲ್ಲಿ ಕೆಲವು ಕಡೆ ಶೇಕಡ 75ರವರೆಗೆ ಕಡಿಮೆಯಾಗಬಹುದು ಅಂತ ಜರ್ಮನಿಯ ಪರಿಸರ ಇಲಾಖೆಯ 2023ರ ಅಧ್ಯಯನ ಹೇಳಿತು. ಪೂರ್ವಕ್ಕೆ ಗ್ರ್ಯೂನ್‌ಹೈಡೆಯಲ್ಲಿ 2022ರಲ್ಲಿ ಟೆಸ್ಲಾ ಕಾರು ಕಾರ್ಖಾನೆ ಶುರುವಾದ ಮೇಲೆ ಆ ಭಾಗದ ಅಂತರ್ಜಲದ ಬಗ್ಗೆ ಚರ್ಚೆ ಇನ್ನೂ ಬಿಸಿಯಾಯಿತು. ಕಾರ್ಖಾನೆಯ ಜಾಗದ ಒಂದು ಭಾಗ ಜಲರಕ್ಷಣೆ ವಲಯದೊಳಗೇ ಇದೆ. ಇಂಥ ಚರ್ಚೆಗಳಲ್ಲಿ ಅಂಗಡಿಯವರು, ನಿವೃತ್ತ ಮೇಷ್ಟ್ರು ಎಲ್ಲರೂ ಸಲ್ಫೇಟ್ ಅಂಕಿಗಳನ್ನು ಬಾಯಲ್ಲೇ ಹೇಳುತ್ತಾರೆ. ತಮ್ಮ ನಲ್ಲಿಯ ನೀರು ಎಲ್ಲಿಂದ ಹೊರಟು ಯಾವ ಸೀಮೆ ದಾಟಿ ಬರುತ್ತದೆ ಅನ್ನುವುದು ಇವರಿಗೆ ಗೊತ್ತು. ಶಿಡ್ಲಘಟ್ಟದಲ್ಲಿ ಸಾವಿರ ಅಡಿ ಬೋರ್‌ವೆಲ್ ಕೊರೆಸಿ ಕಾದು ಕುಳಿತ ನಮ್ಮವರಿಗೆ ಈ ಮಾತಿನ ತೂಕ ತಿಳಿಯುತ್ತದೆ ಅಂದುಕೊಂಡಿದ್ದೇನೆ.

ಬರ್ಲಿನ್ನಿಗೆ ಬರುವವರು ಒಂದು ದಿನ ಇಲ್ಲಿಗೆ ಇಡಿ. ಎರ್ಕ್ನರ್ ಕಡೆಗೆ ಹೋಗುವ ಎಸ್ 3 ರೈಲು ಹತ್ತಿದರೆ ಅಲೆಕ್ಸಾಂಡರ್‌ಪ್ಲಾಟ್ಸ್ ಕಡೆಯಿಂದ ಅರ್ಧ ಗಂಟೆಯ ಆಸುಪಾಸು. ಬೇರೆ ಟಿಕೆಟ್ ಬೇಕಿಲ್ಲ, ನಗರದೊಳಗಿನ ಟಿಕೆಟ್ಟೇ ಸಾಕು. ನಿಲ್ದಾಣದಿಂದ ಮುಖ್ಯ ರಸ್ತೆಯಲ್ಲಿ ನೇರ ನಡೆದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ಸರೋವರ ಸಿಗುತ್ತದೆ. ಸುರಂಗ ದಾಟಿ ಆಚೆ ದಡದಲ್ಲಿ ಕಾಡಿನ ಗುಂಟ ನಡೆಯಿರಿ, ಸಮಯವಿದ್ದರೆ ಬೆಟ್ಟದ ಗೋಪುರಕ್ಕೂ ಹತ್ತಿ. ಹೊಗೆ ಹಾಕಿದ ಮೀನು ತಿನ್ನುವವರಿಗೆ ದಡದಲ್ಲಿ ಸಿಗುತ್ತದೆ. ನಮ್ಮಂತೆ ಸಸ್ಯಾಹಾರಿಗಳಾದರೆ ಬೇಕರಿಯ ಗಸಗಸೆ ಕೇಕ್ ಇದೆ. ನೀರಿನ ಬಾಟಲಿ ಕೊಳ್ಳಬೇಡಿ, ಖಾಲಿ ಬಾಟಲಿ ತನ್ನಿ. ಜೂನ್ ಕೊನೆ, ಜುಲೈ ಮೊದಲಾದರೆ ಇನ್ನೂ ಒಳ್ಳೆಯದು. ಹೊತ್ತು ಮುಳುಗುವುದು ತಡ, ನೀರೂ ಇಳಿಯುವಷ್ಟು ಬೆಚ್ಚಗಿರುತ್ತದೆ.